ಪ್ಲೇ ಸ್ಟೋರಿನ ಆ್ಯಪ್, ವಾಟ್ಸಾಪಿನ ಆ್ಯಪ್: ವ್ಯತ್ಯಾಸ ತಿಳಿದಿರಲಿ

ಸಂಜೆ ಹಾಲು ಕರೆದು, ಸಂಘಕ್ಕೆ ಹಾಕಿ, ಪಾತ್ರೆ ತೊಳೆದಿಟ್ಟು ಒಳಗೆ ಬರುತ್ತೀರಿ. ಫೋನಿನಲ್ಲಿ ಒಂದು ವಾಟ್ಸಾಪ್ ಸಂದೇಶ ಕಾದಿದೆ: ‘ನಿಮ್ಮ ಹಾಲಿನ ಪ್ರೋತ್ಸಾಹಧನ ಬಂದಿದೆ. ನೋಡಲು ಈ ಆ್ಯಪ್ ಹಾಕಿಕೊಳ್ಳಿ.’ ಕೆಳಗೆ ಆಕಳಿನ ಚಿತ್ರವಿರುವ ಒಂದು ಫೈಲು. ಒತ್ತಬೇಕೇ?

ಬೇಡ. ಒತ್ತಬೇಡಿ ಎಂದಷ್ಟೇ ಹೇಳಿ ಈ ಲೇಖನ ಮುಗಿಸಬಹುದಿತ್ತು. ಆದರೆ ಕಾರಣ ತಿಳಿಯದೆ ಪಾಲಿಸಿದ ಮಾತು ಬಹಳ ದಿನ ಉಳಿಯುವುದಿಲ್ಲ. ಒಂದು ಆ್ಯಪ್ ಪ್ಲೇ ಸ್ಟೋರಿಗೆ ಹೇಗೆ ಬರುತ್ತದೆ, ಅಲ್ಲಿಗೆ ಬರುವ ಮೊದಲು ಏನೇನು ದಾಟಬೇಕು ಎಂಬುದು ಒಮ್ಮೆ ಗೊತ್ತಾದರೆ, ವಾಟ್ಸಾಪಿನಲ್ಲಿ ಬಂದ ಫೈಲನ್ನು ಏಕೆ ನಂಬಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಹುಡುಗಿಯೇ ಆ್ಯಪ್ ಮಾಡಿದರೆ

ಕರ್ಕಿ, ಹೊನ್ನಾವರ, ಕುಮಟಾ ಕಡೆಯ ಹಲವು ಮನೆಗಳಲ್ಲಿ ಈಗ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ. ಅಂಥ ಒಬ್ಬ ಹುಡುಗಿ ರಜೆಯಲ್ಲಿ ಊರಿಗೆ ಬಂದು ತನ್ನ ತಾಯಿಯ ಸಂಘಕ್ಕಾಗಿ ಒಂದು ಆ್ಯಪ್ ಮಾಡಿದಳು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಹದಿನೈದು ದಿನಕ್ಕೆ ಹಣ ಎಷ್ಟು ಎಂದು ಅದರಲ್ಲಿ ನೋಡಬಹುದು. ಇದನ್ನು ಎಲ್ಲ ಸದಸ್ಯೆಯರ ಫೋನಿಗೆ ಮುಟ್ಟಿಸುವುದು ಹೇಗೆ?

ಮೊದಲ ಹೆಜ್ಜೆ, ಗೂಗಲ್ ಪ್ಲೇಯಲ್ಲಿ ಖಾತೆ ತೆರೆಯುವುದು. ಇದಕ್ಕೆ ಒಮ್ಮೆ 25 ಡಾಲರ್ ಶುಲ್ಕ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಐಫೋನಿಗೂ ಬೇಕೆಂದರೆ ಆಪಲ್ ಕಂಪನಿಗೆ ಪ್ರತಿವರ್ಷ 99 ಡಾಲರ್ ಬೇರೆ. ಹಣ ಕಟ್ಟಿದರಷ್ಟೇ ಸಾಲದು. ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಟ್ಟು ತಾವು ಯಾರೆಂದು ದಾಖಲೆ ಸಮೇತ ತೋರಿಸಬೇಕು. ಸಂಸ್ಥೆಯ ಹೆಸರಿನಲ್ಲಿ ಖಾತೆ ಮಾಡುವುದಾದರೆ ಡನ್ಸ್ ಎಂಬ 9 ಅಂಕಿಯ ಗುರುತಿನ ಸಂಖ್ಯೆಯನ್ನೂ ಪಡೆಯಬೇಕು.

ಇಲ್ಲಿ ಸಂಘದವರು ಒಂದು ಮಾತು ಗಮನಿಸಬೇಕು. ಖಾತೆ ಸಂಘದ ಹೆಸರಿನಲ್ಲಿಯೇ ಇರಲಿ. ಹುಡುಗಿಯ ಹೆಸರಿನಲ್ಲಿ ಮಾಡುವುದು ಸುಲಭ, ನಿಜ. ಆದರೆ ನಾಳೆ ಅವಳು ಕೆಲಸಕ್ಕೆಂದು ಬೆಂಗಳೂರಿಗೋ ಮದುವೆಯಾಗಿ ಬೇರೆ ಊರಿಗೋ ಹೋದರೆ ಆ್ಯಪಿನ ಬೀಗದ ಕೈಯೂ ಅವಳ ಜೊತೆಗೇ ಹೋಗುತ್ತದೆ. ಸಂಘದ ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂದು ಠರಾವು ಪುಸ್ತಕದಲ್ಲಿ ಬರೆಯುವ ಹಾಗೆ, ಈ ಖಾತೆಯ ಪಾಸ್‌ವರ್ಡ್ ಯಾರ ಜವಾಬ್ದಾರಿ ಎಂಬುದನ್ನೂ ಬರೆದಿಡಬೇಕು.

ಹನ್ನೆರಡು ಮಂದಿ, ಹದಿನಾಲ್ಕು ದಿನ

ಎರಡನೆಯ ಹೆಜ್ಜೆ ಪರೀಕ್ಷೆ. 2023ರ ನವೆಂಬರ್ ನಂತರ ವ್ಯಕ್ತಿಯ ಹೆಸರಿನಲ್ಲಿ ತೆರೆದ ಹೊಸ ಖಾತೆಗಳಿಗೆ ಗೂಗಲ್ ಒಂದು ನಿಯಮ ತಂದಿದೆ. ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಒಂದು ಸಣ್ಣ ಗುಂಪು ಸತತ 14 ದಿನ ಅದರ ಪರೀಕ್ಷೆಯಲ್ಲಿ ಇರಬೇಕು. ಮೊದಲು ಕನಿಷ್ಠ 20 ಜನ ಬೇಕಿತ್ತು, ಆಮೇಲೆ ಅದನ್ನು 12ಕ್ಕೆ ಇಳಿಸಿದರು. ಸಂಸ್ಥೆಯ ಖಾತೆಗೆ ಈ ಕಡ್ಡಾಯವಿಲ್ಲ. ಆದರೂ ಮಾಡುವುದೇ ಒಳ್ಳೆಯದು, ಏಕೆಂದರೆ ಸಂಘದ ಆ್ಯಪಿನ ತಪ್ಪು ಹುಡುಕಲು ನಿಮಗಿಂತ ಒಳ್ಳೆಯ ಪರೀಕ್ಷಕರು ಸಿಗುವುದಿಲ್ಲ. ಕೊಟ್ಟಿಗೆಯಿಂದ ಬಂದ ಒದ್ದೆ ಬೆರಳಿಗೆ ಗುಂಡಿ ಸಿಗುತ್ತದೆಯೇ? ಕನ್ನಡಕ ಹಾಕದೆ ಅಂಕಿ ಓದಬಹುದೇ? ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ನಿನ್ನೆಯ ಲೆಕ್ಕವಾದರೂ ಕಾಣುತ್ತದೆಯೇ? ಇದನ್ನೆಲ್ಲ ಹೇಳಬೇಕಾದವರು ಬಳಸುವವರೇ.

ಆ್ಯಪಿನ ಕಿವಿಯೋಲೆ

ಮೂರನೆಯದು ಗುರುತು. ನಿಮ್ಮ ದನದ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕಿದ್ದಾರಲ್ಲ? ಆ ಸಂಖ್ಯೆ ದೇಶದಲ್ಲಿ ಇನ್ನೊಂದು ದನಕ್ಕೆ ಇಲ್ಲ. ಪ್ಲೇ ಸ್ಟೋರಿನ ಪ್ರತಿ ಆ್ಯಪಿಗೂ ಹಾಗೆಯೇ ಇನ್ನಾರಿಗೂ ಸಿಗದ ಒಂದು ಒಳಹೆಸರು ಇರುತ್ತದೆ. ಅದರ ಜೊತೆಗೆ ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಮುಂದೆ ಆ ಆ್ಯಪಿನ ಹೊಸ ಆವೃತ್ತಿ ಬಂದಾಗ ಅದಕ್ಕೂ ಅದೇ ಸಹಿ ಇರಬೇಕು. ಬೇರೆ ಯಾರೋ ಅದೇ ಒಳಹೆಸರಿನ ನಕಲಿ ಮಾಡಿ ಹಳೆಯದರ ಮೇಲೆ ಹಾಕಲು ಹೋದರೆ, ಸಹಿ ಹೊಂದುವುದಿಲ್ಲವೆಂದು ಫೋನೇ ನಿರಾಕರಿಸುತ್ತದೆ.

ಆದರೆ ಮೋಸಗಾರರು ಆ ಗೊಡವೆಗೆ ಹೋಗುವುದಿಲ್ಲ. ಒಳಹೆಸರು ಬೇರೆ ಇಟ್ಟು ಮೇಲಿನ ಚಿತ್ರವನ್ನು ಮಾತ್ರ ಕದಿಯುತ್ತಾರೆ. ಕರ್ಕಿ ಎಂದರೆ ಹಾಸ್ಯಗಾರ ಮನೆತನದ ಯಕ್ಷಗಾನದ ಊರು. ಕಿರೀಟ, ಬಣ್ಣ ಯಾರು ಬೇಕಾದರೂ ಹಾಕಬಹುದು, ವೇಷದ ಒಳಗೆ ಯಾರಿದ್ದಾರೆಂದು ತಿಳಿಯಬೇಕಾದರೆ ಚೌಕಿಗೇ ಹೋಗಬೇಕು ಎಂಬುದು ನಮಗೆ ಹೊಸದಲ್ಲ. ಆ್ಯಪಿನ ಚಿತ್ರವೂ ವೇಷವೇ.

ಏನನ್ನು ಕೇಳುತ್ತದೆ, ಏಕೆ ಕೇಳುತ್ತದೆ

ನಾಲ್ಕನೆಯ ಹೆಜ್ಜೆ ಮುಖ್ಯವಾದದ್ದು. ಈ ಆ್ಯಪ್ ಬಳಸುವವರ ಯಾವ ಮಾಹಿತಿ ತೆಗೆದುಕೊಳ್ಳುತ್ತದೆ, ಅದನ್ನು ಯಾರಿಗೆ ಕೊಡುತ್ತದೆ ಎಂದು ಮಾಡಿದವರು ಬರೆದು ತಿಳಿಸಬೇಕು. 2022ರಿಂದ ಪ್ಲೇ ಸ್ಟೋರಿನಲ್ಲಿ ಪ್ರತಿ ಆ್ಯಪಿನ ಪುಟದಲ್ಲೂ ‘ಡೇಟಾ ಸುರಕ್ಷತೆ’ ಎಂಬ ಭಾಗವಿದೆ. ಯಾರು ಬೇಕಾದರೂ ಅದನ್ನು ಓದಬಹುದು.

ಇನ್ನೊಂದು ನಿರ್ಬಂಧವೂ ಇದೆ. ನಿಮ್ಮ ಎಸ್‌ಎಂಎಸ್ ಓದುವ ಅನುಮತಿಯನ್ನು ಪ್ಲೇ ಸ್ಟೋರಿನ ಆ್ಯಪುಗಳು ಸುಮ್ಮನೆ ಕೇಳುವಂತಿಲ್ಲ. 2019ರಿಂದ ಗೂಗಲ್ ಇದನ್ನು ಬಿಗಿ ಮಾಡಿದೆ. ಸಂದೇಶ ಕಳಿಸುವುದೇ ಕೆಲಸವಾಗಿರುವ ಆ್ಯಪ್ ಆಗಿರಬೇಕು ಅಥವಾ ತಕ್ಕ ಕಾರಣ ತೋರಿಸಿ ಒಪ್ಪಿಗೆ ಪಡೆದಿರಬೇಕು. ಏಕೆ ಇಷ್ಟು ಬಿಗಿ? ಬ್ಯಾಂಕಿನ ಒಟಿಪಿ ಬರುವುದು ಎಸ್‌ಎಂಎಸ್ ಮೂಲಕವೇ. ಅದನ್ನು ಓದಬಲ್ಲ ಆ್ಯಪ್ ನಿಮ್ಮ ಖಾತೆಯ ಬಾಗಿಲಲ್ಲಿ ನಿಂತ ಹಾಗೆ. ವಾಟ್ಸಾಪಿನಲ್ಲಿ ಬರುವ ನಕಲಿ ಆ್ಯಪುಗಳು ಮೊದಲು ಕೇಳುವ ಅನುಮತಿಗಳಲ್ಲಿ ಎಸ್‌ಎಂಎಸ್ ಇರುವುದು ಇದಕ್ಕೇ. ಮದುವೆಯ ಆಮಂತ್ರಣ, ಪಿಎಂ ಕಿಸಾನ್ ಹಣ, ವಾಹನದ ದಂಡ ಎಂದು ನಾನಾ ಹೆಸರಿನಲ್ಲಿ ಇಂಥ ಫೈಲುಗಳು ದೇಶದೆಲ್ಲೆಡೆ ಓಡಾಡಿವೆ. ಹೆಸರು ಬದಲಾದರೂ ಅವುಗಳ ಕೆಲಸ ಒಂದೇ.

ಕೊನೆಗೆ ಸ್ಟೋರಿನವರ ತಪಾಸಣೆ. ಇದಕ್ಕೆ ಕೆಲವು ದಿನ ಬೇಕು, ಕೆಲವೊಮ್ಮೆ ಒಂದು ವಾರಕ್ಕೂ ಹೆಚ್ಚು. ತಪ್ಪು ಕಂಡರೆ ಕಾರಣ ಹೇಳಿ ತಿರುಗಿಸುತ್ತಾರೆ, ಸರಿಮಾಡಿ ಮತ್ತೆ ಕಳಿಸಬೇಕು. ಹುಳಿ ಬಂದ ಹಾಲು ಸಂಘದಿಂದ ವಾಪಸು ಬಂದರೆ ಬೇಸರವಾಗುತ್ತದೆ. ಆದರೆ ಆ ಒಂದು ಲೀಟರ್ ಇಡೀ ಕ್ಯಾನನ್ನು ಕೆಡಿಸದಿರಲಿ ಎಂದೇ ಆ ಪರೀಕ್ಷೆ. ಇಲ್ಲಿಯೂ ಹಾಗೆಯೇ.

ಆ್ಯಪ್ ಬಂತೆಂದರೆ ಖರ್ಚು ಮುಗಿಯಿತೆಂದಲ್ಲ. ಆಕಳು ಕೊಂಡ ದಿನವೇ ಖರ್ಚು ಮುಗಿಯುತ್ತದೆಯೇ? ಆಂಡ್ರಾಯ್ಡ್ ಪ್ರತಿವರ್ಷ ಹೊಸದಾಗುತ್ತದೆ. ಅದಕ್ಕೆ ಹೊಂದಿಸಿಕೊಳ್ಳದ ಹಳೆಯ ಆ್ಯಪ್, ಹೊಸ ಫೋನು ಕೊಂಡವರಿಗೆ ಸ್ಟೋರಿನಲ್ಲಿ ಸಿಗುವುದೇ ನಿಂತುಹೋಗುತ್ತದೆ. ಯಾವ ಸಂಘವೇ ಆಗಲಿ, ಆ್ಯಪ್ ಮಾಡಿಸುವ ಮೊದಲು ಅದನ್ನು ವರ್ಷವರ್ಷವೂ ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಬೇಕು.

ನೀವು ಬಳಸಿರಬಹುದಾದ ಆ್ಯಪುಗಳು

ಈ ದಾರಿಯಲ್ಲಿ ಬಂದ ಆ್ಯಪುಗಳು ನಮಗೆ ಅಪರಿಚಿತವಲ್ಲ. 2020ರ ಮುಂಗಾರಿನಲ್ಲಿ ರಾಜ್ಯದ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ‘ಬೆಳೆ ಸಮೀಕ್ಷೆ’ ಆ್ಯಪಿಗೆ ಹಾಕಿದರು. ಅದನ್ನು ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಲು ಸರ್ಕಾರ ಹೇಳಿತ್ತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪ್ರಧಾನಮಂತ್ರಿಗಳು ‘ಇ-ಗೋಪಾಲ’ ಆ್ಯಪ್ ಬಿಡುಗಡೆ ಮಾಡಿದರು. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ, ಅಂದರೆ ಎನ್‌ಡಿಡಿಬಿ, ರೂಪಿಸಿದ ಈ ಆ್ಯಪಿನಲ್ಲಿ ದನಗಳ ಆಹಾರ, ಕೃತಕ ಗರ್ಭಧಾರಣೆ, ಲಸಿಕೆ, ಮನೆಮದ್ದುಗಳ ಮಾಹಿತಿ ಇದೆ. ಕಿವಿಯೋಲೆಯ ಸಂಖ್ಯೆ ಹಾಕಿದರೆ ನಿಮ್ಮ ದನದ ವಿವರವನ್ನೂ ನೋಡಬಹುದು.

ಲೀಟರಿಗೆ 5 ರೂಪಾಯಿಯಂತೆ ಸರ್ಕಾರ ಕೊಡುವ ಪ್ರೋತ್ಸಾಹಧನ ಮಾತ್ರ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಅದನ್ನು ಪಡೆಯಲು ಯಾವ ಆ್ಯಪೂ ಬೇಕಿಲ್ಲ. ಬಂದಿದೆಯೇ ಎಂಬ ಅನುಮಾನವಿದ್ದರೆ ಪಾಸ್‌ಬುಕ್ ನೋಡಿ ಅಥವಾ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಸ್ಟೋರಿನಲ್ಲಿದೆ ಎಂದಮಾತ್ರಕ್ಕೆ?

ಪ್ಲೇ ಸ್ಟೋರಿನ ತಪಾಸಣೆಯನ್ನೂ ದಾಟಿ ಬಂದ ಕೆಟ್ಟ ಆ್ಯಪುಗಳಿವೆ. 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪುಗಳನ್ನು ಗೂಗಲ್ ತೆಗೆದುಹಾಕಿತೆಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ತಿಳಿಸಿದೆ. ಆದರೂ ವ್ಯತ್ಯಾಸ ಇಲ್ಲಿದೆ: ಸ್ಟೋರಿನಲ್ಲಿದ್ದದ್ದನ್ನು ತೆಗೆಯಬಹುದು, ಅದನ್ನು ಹಾಕಿದವರ ಹೆಸರು, ದಾಖಲೆ ಹುಡುಕಬಹುದು. ವಾಟ್ಸಾಪಿನಲ್ಲಿ ಬಂದ ಫೈಲಿಗೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹಾಗಾಗಿ ಕೊನೆಯ ಪರೀಕ್ಷೆ ನಿಮ್ಮ ಕೈಯಲ್ಲೇ ಇರಲಿ:

1. ಆ್ಯಪನ್ನು ಪ್ಲೇ ಸ್ಟೋರಿನಲ್ಲಿ ನೀವೇ ಹುಡುಕಿ ಹಾಕಿಕೊಳ್ಳಿ. ಸಂದೇಶದಲ್ಲಿ ಬಂದ ಲಿಂಕ್ ಒತ್ತಬೇಡಿ. ‘ಎಪಿಕೆ’ ಎಂದು ಕೊನೆಯಾಗುವ ಫೈಲನ್ನು, ಗುರುತಿನವರೇ ಕಳಿಸಿದ್ದರೂ, ತೆರೆಯಬೇಡಿ. ಅವರ ಫೋನನ್ನೇ ಯಾರೋ ವಶ ಮಾಡಿಕೊಂಡಿರಬಹುದು.

2. ಆ್ಯಪಿನ ಹೆಸರಿನ ಕೆಳಗೆ ಮಾಡಿದವರ ಹೆಸರಿರುತ್ತದೆ. ಸರ್ಕಾರದ್ದೋ ಒಕ್ಕೂಟದ್ದೋ ಎಂದು ಹೇಳಿಕೊಳ್ಳುವ ಆ್ಯಪಿನಲ್ಲಿ ಆ ಸಂಸ್ಥೆಯ ಹೆಸರೇ ಇದೆಯೇ ನೋಡಿ. ಎಷ್ಟು ಜನ ಹಾಕಿಕೊಂಡಿದ್ದಾರೆ, ಏನು ಅಭಿಪ್ರಾಯ ಬರೆದಿದ್ದಾರೆ ಎಂಬುದನ್ನೂ ಓದಿ.

3. ಅನುಮತಿ ಕೇಳಿದಾಗ ಯೋಚಿಸಿ. ಹಾಲಿನ ಲೆಕ್ಕ ತೋರಿಸುವ ಆ್ಯಪಿಗೆ ನಿಮ್ಮ ಎಸ್‌ಎಂಎಸ್ ಏಕೆ? ಕಾರಣ ಹೊಳೆಯದಿದ್ದರೆ ‘ಬೇಡ’ ಒತ್ತಿ.

4. ಫೋನಿನ ಸೆಟ್ಟಿಂಗ್ಸಿನಲ್ಲಿ ‘ಅಪರಿಚಿತ ಆ್ಯಪುಗಳನ್ನು ಇನ್‌ಸ್ಟಾಲ್ ಮಾಡಿ’ ಎಂಬ ಆಯ್ಕೆ ಇದೆ. ಅದರಲ್ಲಿ ವಾಟ್ಸಾಪ್ ಮತ್ತು ಬ್ರೌಸರ್ ಎರಡಕ್ಕೂ ಆಫ್ ಇರಲಿ. ಹಾಲಿನ ಹಣ ನಿಮ್ಮ ಖಾತೆಗೆ ಬಂದರೂ ಫೋನು ಮನೆಮಂದಿಯ ಕೈಯಲ್ಲೆಲ್ಲ ಓಡಾಡುತ್ತದೆ. ಆಟಕ್ಕೆಂದು ಹಿಡಿದ ಮಗು ಏನನ್ನೋ ಒತ್ತಿದರೂ ಇದು ತಡೆಯುತ್ತದೆ.

5. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ‘ಹಣ ಬಂದಿದೆ, ಪಿನ್ ಒತ್ತಿ’ ಎಂದರೆ ಅದು ನಿಮ್ಮ ಹಣ ಹೋಗುವ ದಾರಿ.

ಒತ್ತಿಬಿಟ್ಟಿದ್ದರೆ?

ಗಾಬರಿಯಾಗಬೇಡಿ, ತಡವನ್ನೂ ಮಾಡಬೇಡಿ. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಇದ್ದರೆ ಅದನ್ನೂ ತೆಗೆಯಿರಿ. ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಲು ಹೇಳಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮೋಸಗಾರರ ಖಾತೆಯಿಂದ ಮುಂದೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ನಂತರ ಆ ಆ್ಯಪನ್ನು ತೆಗೆದುಹಾಕಿ, ತಿಳಿದವರಿಗೆ ಫೋನು ತೋರಿಸಿ, ಪಿನ್ ಮತ್ತು ಪಾಸ್‌ವರ್ಡ್ ಬದಲಿಸಿ.

ತಡ ಮಾಡಬಾರದೆನ್ನಲು ಇನ್ನೊಂದು ಕಾರಣವಿದೆ. 2017ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದಂತೆ, ಗ್ರಾಹಕರ ಅಜಾಗರೂಕತೆಯಿಂದ ಹೋದ ಹಣ, ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರದೇ ನಷ್ಟ. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಅಂದರೆ ನೀವು ಸುಮ್ಮನಿದ್ದ ಪ್ರತಿ ಗಂಟೆಯೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಮನೆಯಲ್ಲಿ ಬೈಯುತ್ತಾರೆ, ಊರಲ್ಲಿ ನಗುತ್ತಾರೆ ಎಂದು ಮುಚ್ಚಿಡಬೇಡಿ. ಓದಿದವರೂ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರೂ ಇಂಥ ಮೋಸಕ್ಕೆ ಸಿಕ್ಕಿದ್ದಾರೆ. ನಸುಕಿನಲ್ಲಿ ಎದ್ದು, ಹುಲ್ಲು ಹೊತ್ತು, ಸಗಣಿ ಬಾಚಿ ಗಳಿಸಿದ ಹಣ ಅದು. ಅದನ್ನು ಉಳಿಸಿಕೊಳ್ಳಲು ಒಂದು ಫೋನು ಕರೆ ಮಾಡಲು ನಾಚಿಕೆ ಏಕೆ?

ನಾಳೆ ಬೆಳಿಗ್ಗೆ ಹಾಲು ಹಾಕಲು ಸಂಘಕ್ಕೆ ಹೋದಾಗ ಸಾಲಿನಲ್ಲಿ ನಿಮ್ಮ ಪಕ್ಕ ನಿಂತವರಿಗೆ ಈ ವಿಷಯ ಹೇಳಿ. ನಾಲ್ಕನೆಯ ಸೂಚನೆಯಲ್ಲಿ ಹೇಳಿದ ಸೆಟ್ಟಿಂಗ್ ಆಫ್ ಇದೆಯೇ ಎಂದು ಇಬ್ಬರೂ ಅಲ್ಲೇ ಫೋನು ತೆಗೆದು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ ಅಷ್ಟೇ.