ಎರಡು ಟೈರುಗಳ ವಿಚಾರ

ಸೈಕಲ್ಲಿನ ಅಂಗಾಂಗಗಳಲ್ಲಿ ಟೈರಿನಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದು ಇನ್ನೊಂದಿಲ್ಲ. ಹೊಸ ಸೈಕಲ್ಲು ಕೊಂಡವನು ಅದರ ಬಣ್ಣವನ್ನು ಮೆಚ್ಚುತ್ತಾನೆ. ಬೆಲ್ಲನ್ನು ಬಾರಿಸಿ ನೋಡುತ್ತಾನೆ. ಅರಿಸಿನ ಕುಂಕುಮವಿಟ್ಟು ಹ್ಯಾಂಡಲಿಗೆ ಹೂವಿನ ಹಾರ ಹಾಕುತ್ತಾನೆ. ಟೈರಿನ ಪಾಲಿಗೆ ದೊರೆಯುವುದು ತುಳಿದು ಹೋಗಲೆಂದು ಅಡಿಯಲ್ಲಿಟ್ಟ ನಿಂಬೆಹಣ್ಣು ಮಾತ್ರ. ಆಮೇಲೆ ಅದರ ನೆನಪಾಗುವುದು ಪಂಕ್ಚರ್ ಆದ ದಿನ. ಆದರೆ ಸವಾರನನ್ನೂ ವಾಹನವನ್ನೂ ಹೊತ್ತು ನೆಲವನ್ನು ಮುಟ್ಟಿಕೊಂಡಿರುವುದು ಅದೊಂದೇ. ಬ್ರೇಕು ಎಷ್ಟೇ ಬಿಗಿಯಾಗಿದ್ದರೂ ಅದು ನಿಲ್ಲಿಸುವುದು ಚಕ್ರವನ್ನು. ಸೈಕಲ್ಲನ್ನು ನಿಲ್ಲಿಸುವುದು ಟೈರು.

ಶಾಲೆಯ ಹುಡುಗರೂ ಮಾಡಬಹುದಾದ ಒಂದು ಲೆಕ್ಕವಿದೆ. ಸವಾರರ ತೂಕ 57 ಕಿಲೋ, ಸೈಕಲ್ಲಿನದು 10 ಕಿಲೋ ಎಂದಿಟ್ಟುಕೊಳ್ಳೋಣ. ಈ 67 ಕಿಲೋ ಭಾರದಲ್ಲಿ ಸುಮಾರು 40 ಕಿಲೋ ಹಿಂದಿನ ಚಕ್ರದ ಮೇಲೆ, ಉಳಿದ 27 ಕಿಲೋ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಟೈರಿನೊಳಗೆ ಚದರ ಅಂಗುಲಕ್ಕೆ 80 ಪೌಂಡಿನ ಗಾಳಿಯಿದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು 5.6 ಕಿಲೋ ಆಯಿತು. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಜಾಗದ ಅಂದಾಜು ಸಿಗುತ್ತದೆ: ಹಿಂದೆ ಏಳು ಚದರ ಸೆಂಟಿಮೀಟರು, ಮುಂದೆ ಐದು. ಹತ್ತು ರೂಪಾಯಿಯ ನಾಣ್ಯವೊಂದನ್ನು ಮೇಜಿನ ಮೇಲಿಟ್ಟು ನೋಡಿ. ಹಿಂದಿನ ಚಕ್ರದ ಆಧಾರ ಅದಕ್ಕಿಂತ ತುಸು ದೊಡ್ಡದು, ಮುಂದಿನದು ತುಸು ಚಿಕ್ಕದು. ಅಷ್ಟಗಲದ ರಬ್ಬರನ್ನು ನಂಬಿ ಮನುಷ್ಯನು ಬೆಟ್ಟದ ಇಳಿಜಾರಿನಲ್ಲಿ ಗಂಟೆಗೆ ಐವತ್ತು ಕಿಲೋಮೀಟರು ವೇಗದಲ್ಲಿ ತಿರುವುಗಳನ್ನು ದಾಟುತ್ತಾನೆ.

ಈ ಲೆಕ್ಕ ನನಗೆ ಬೇಕಾದದ್ದು ನನ್ನ ತಂಗಿಯ ಮಗಳಿಂದ. ಆಕೆ ಮೈಸೂರಿನಲ್ಲಿ ಕಾಲೇಜು ಓದುತ್ತಾಳೆ. ಸೈಕಲ್ ಸ್ಪರ್ಧೆಗಳಲ್ಲಿ ಪಾಲ್ಗೊಳ್ಳುವ ಹವ್ಯಾಸವಿದೆ. ಬೆಳಗಿನ ಜಾವ ಚಾಮುಂಡಿ ಬೆಟ್ಟವನ್ನು ಹತ್ತಿ ಇಳಿದು, ಏಳೂವರೆಗೆ ಮನೆ ಸೇರುವುದು ಅವಳ ಅಭ್ಯಾಸ. ಅಷ್ಟು ಹೊತ್ತೂ ನನ್ನ ತಂಗಿ ಒಲೆಯ ಮುಂದೆ ನಿಂತಿದ್ದರೂ ಕಣ್ಣು ಗಡಿಯಾರದ ಮೇಲೆ. ಈ ಸಲದ ಮಳೆಗಾಲಕ್ಕೆ ಮೊದಲು ಹುಡುಗಿಯ ಸೈಕಲ್ಲಿನ ಹಿಂದಿನ ಟೈರು ನಡುವೆ ಸವೆದು ಚಪ್ಪಟೆಯಾಗಿತ್ತು. ಒಂದು ಕಡೆ ರಬ್ಬರಿನ ಕೆಳಗಿನ ನೂಲೂ ಇಣುಕುತ್ತಿತ್ತು. ಮುಂದಿನ ಟೈರಿನ ಪಕ್ಕದಲ್ಲಿ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು. ತಂಗಿ ನನ್ನನ್ನು ಕರೆಸಿ, “ಅಣ್ಣಾ, ಇದಕ್ಕೊಂದು ದಾರಿ ಮಾಡು, ಇಲ್ಲವೇ ಸೈಕಲ್ಲನ್ನೇ ಬಿಡಿಸು” ಎಂದಳು. ಮಗಳು ನೆರೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಐದು ಸಾವಿರ ರೂಪಾಯಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಮಿಕ್ಕದ್ದನ್ನು ನಾನು ಕೊಡುವೆನೆಂದರೆ, “ಬೇಡ ಮಾವ, ಟೈರು ಸವೆಯುವ ವಸ್ತು. ಮುಂದಿನ ಸಲವೂ ನಾನೇ ಕೊಳ್ಳಬೇಕು. ನನ್ನ ಕೈಗೆ ಎಟುಕುವಂಥದ್ದೇ ಇರಲಿ” ಎಂದಳು. ಆ ಮಾತಿಗೆ ಉತ್ತರ ಹೇಳುವಂತಿರಲಿಲ್ಲ.

ಗಾಳಿ ತುಂಬಿದ ಟೈರಿನ ಹುಟ್ಟಿನ ಕಥೆಯೂ ಒಂದು ಮಗುವಿನ ಸಲುವಾಗಿ ನಡೆದದ್ದೇ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದಿದ್ದನಾದರೂ ಜನ ಸೈಕಲ್ಲು ತುಳಿಯುವ ಕಾಲ ಇನ್ನೂ ಬಂದಿರಲಿಲ್ಲ. ಅವನ ಕಲ್ಪನೆ ಮರೆತೇಹೋಯಿತು. 1887ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. ಗಟ್ಟಿ ರಬ್ಬರಿನ ಗಾಲಿ ಕಲ್ಲುಹಾಸಿನ ಬೀದಿಯಲ್ಲಿ ಆ ಮಗುವಿನ ಮೈ ಕುಲುಕುತ್ತಿದ್ದುದೇ ಕಾರಣ. ಸುಖಕ್ಕೆಂದು ಮಾಡಿದ್ದು ವೇಗವನ್ನೂ ಕೊಟ್ಟಿತು. 1889ರಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಈ ಟೈರಿನವನೇ ಗೆದ್ದ. ಆದರೆ ಆಗಿನ ಟೈರನ್ನು ಗಾಲಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ತಿದ್ದುವುದು ಗಂಟೆಗಟ್ಟಲೆಯ ಕೆಲಸ. ಫ್ರಾನ್ಸಿನ ಮಿಶೆಲಿನ್ ಸೋದರರು ಬಿಚ್ಚಿ ಹಾಕಬಹುದಾದ ಟೈರನ್ನು ಮಾಡಿದರು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಷಾರ್ಲ್ ತೆರೋಂ ಆ ಟೈರಿನ ಮೇಲೆಯೇ ಗೆದ್ದನು.

ಅಂಗಡಿಗೆ ಹೋದವರಿಗೆ ಮೊದಲು ಎದುರಾಗುವುದು ಅಂಕಿಗಳ ಅರಣ್ಯ. ಟೈರಿನ ಪಕ್ಕದಲ್ಲಿ ‘700×25 ಸಿ’ ಎಂದಿರುತ್ತದೆ. ಅದರ ಜೊತೆಗೆ ‘25-622’ ಎಂದೂ ಇರುತ್ತದೆ. ನಂಬಬೇಕಾದದ್ದು ಎರಡನೆಯದನ್ನು. 25 ಎಂಬುದು ಟೈರಿನ ಅಗಲ, 622 ಎಂಬುದು ಟೈರು ರಿಮ್ಮಿನಲ್ಲಿ ಕೂರುವ ಸುತ್ತಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 700 ಎಂಬುದು ಟೈರೂ ಸೇರಿ ಚಕ್ರದ ಹೊರವ್ಯಾಸವನ್ನು ಸೂಚಿಸುತ್ತಿದ್ದ ಹಳೆಯ ಫ್ರೆಂಚ್ ಪದ್ಧತಿಯ ಉಳಿಕೆ. 622ಕ್ಕೆ ಎರಡು ಇಪ್ಪತ್ತೈದನ್ನು ಕೂಡಿಸಿದರೆ ಬರುವುದು 672. ಏಳುನೂರು ಎಲ್ಲಿಯೂ ಇಲ್ಲ. ನಮ್ಮ ಹಾಲಿನವರೂ ಅಂಚೆಯವರೂ ತುಳಿದು ಬಂದ ಕಪ್ಪು ಸೈಕಲ್ಲಿನ ‘28×1½’ ಟೈರು ಕೂರುವ ವ್ಯಾಸ 635. ಕಣ್ಣಿಗೆ ಎರಡು ಚಕ್ರಗಳೂ ಒಂದೇ ಎತ್ತರವೆಂದು ತೋರಬಹುದು. ಆದರೆ ಹದಿಮೂರು ಮಿಲಿಮೀಟರಿನ ವ್ಯತ್ಯಾಸದಿಂದ ಇದರ ಟೈರು ಅದಕ್ಕೆ ಎಂದಿಗೂ ಕೂರದು.

ನಾವು ಹೋದ ಅಂಗಡಿಯ ಯಜಮಾನರು ಹಳಬರು. ಟೈರನ್ನು ತೋರಿಸುವ ಮೊದಲು ಹುಡುಗಿಯನ್ನು ಮೂರು ಪ್ರಶ್ನೆ ಕೇಳಿದರು: “ಯಾವ ರಸ್ತೆಯಲ್ಲಿ ಓಡಿಸುತ್ತೀಯಮ್ಮಾ? ನಿನ್ನ ತೂಕವೆಷ್ಟು? ಪಂಕ್ಚರ್ ಆದರೆ ನೀನೇ ಹಾಕಿಕೊಳ್ಳುತ್ತೀಯೋ, ಯಾರನ್ನಾದರೂ ಹುಡುಕುತ್ತೀಯೋ?” ಬಂದ ಉತ್ತರಗಳನ್ನು ಕೇಳಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಬ್ರೇಕಿಗೂ ಟೈರಿಗೂ ನಡುವಿನ ಸಂದನ್ನು ಅಳೆದು ನೋಡಿದರು. “23ರ ಟೈರು ಹಾಕಿದ್ದೀಯೆ. 28 ಹಿಡಿಸುತ್ತದೆ. ಅದನ್ನೇ ಹಾಕು” ಎಂದರು.

ಹುಡುಗಿಗೆ ಅದು ರುಚಿಸಲಿಲ್ಲ. ತೆಳ್ಳಗಿನ ಟೈರೇ ವೇಗದ್ದೆಂಬ ನಂಬಿಕೆ ಅವಳದೊಬ್ಬಳದೇ ಅಲ್ಲ; ಸುಮಾರು 2010ರವರೆಗೆ ಜಗತ್ತಿನ ದೊಡ್ಡ ದೊಡ್ಡ ಪಂದ್ಯಗಳ ಸವಾರರದೂ ಅದೇ ನಂಬಿಕೆಯಾಗಿತ್ತು. 23 ಮಿಲಿಮೀಟರಿನ ಟೈರಿಗೆ ಕಲ್ಲಿನಂತಾಗುವಷ್ಟು ಗಾಳಿ ತುಂಬುತ್ತಿದ್ದರು. ಇಂದು ಅವರಲ್ಲಿ 28 ಸಾಮಾನ್ಯ, ಅದಕ್ಕಿಂತ ಅಗಲವಾದದ್ದೂ ಉಂಟು. ಕಾರಣ ಸರಳ. ಭಾರವೂ ಒತ್ತಡವೂ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಜಾಗದ ವಿಸ್ತಾರವೂ ಅಷ್ಟೇ. ಆದರೆ ತೆಳು ಟೈರಿನಲ್ಲಿ ಆ ಜಾಗ ಉದ್ದವಾಗಿ ಕಿರಿದಾಗಿರುತ್ತದೆ, ಅಗಲ ಟೈರಿನಲ್ಲಿ ಗಿಡ್ಡವಾಗಿ ಅಗಲವಾಗಿರುತ್ತದೆ. ಉದ್ದವಾದಷ್ಟೂ ಟೈರು ಹೆಚ್ಚು ಬಾಗಬೇಕು. ರಬ್ಬರು ಬಾಗಿ ನೆಟ್ಟಗಾಗುವಾಗ, ಪಡೆದ ಶಕ್ತಿಯನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಭಾಗವನ್ನು ಶಾಖವಾಗಿ ಕಳೆದುಬಿಡುತ್ತದೆ. ಸವಾರನ ಕಾಲಿನ ಶ್ರಮ ಅಲ್ಲಿ ಸೋರುತ್ತದೆ.

“ಮತ್ತೆ ಟೈರಿನ ಮೇಲೆ 120 ಪೌಂಡು ಎಂದು ಬರೆದಿದೆಯಲ್ಲ? ಅಷ್ಟೂ ಗಾಳಿ ಹಾಕಿದರೆ ಬಾಗುವುದೇ ಇಲ್ಲವಲ್ಲ?” ಎಂದು ಅವಳು ಕೇಳಿದಳು.

“ಅದು ಮಿತಿಯಮ್ಮಾ, ಅಪ್ಪಣೆಯಲ್ಲ” ಎಂದರು ಯಜಮಾನರು. “ರಸ್ತೆ ಕನ್ನಡಿಯಂತಿದ್ದರೆ ನಿನ್ನ ಮಾತು ಸರಿ. ನಮ್ಮ ರಸ್ತೆ ನಿನಗೆ ಗೊತ್ತಲ್ಲ.”

ಈ ಮಾತಿನೊಳಗೆ ದೊಡ್ಡ ತತ್ತ್ವವೇ ಅಡಗಿದೆ. ಅತಿ ಗಟ್ಟಿಯಾದ ಟೈರು ಪ್ರತಿಯೊಂದು ಜಲ್ಲಿಗೂ ಎದ್ದು ನೆಗೆಯುತ್ತದೆ. ನೆಗೆತವೆಂದರೆ ಸವಾರನ ಇಡೀ ದೇಹವನ್ನು ಮೇಲೆತ್ತಿ ಇಳಿಸುವ ಕೆಲಸ. ಮುಂದಕ್ಕೆ ಸಾಗಬೇಕಾದ ಶಕ್ತಿ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಮೇಲಾಗಿ, ನೆಗೆದ ಕ್ಷಣದಲ್ಲಿ ಟೈರು ನೆಲವನ್ನು ಹಿಡಿದಿರುವುದಿಲ್ಲ. ಗಾಳಿ ಮಿತಿಮೀರಿ ಕಡಿಮೆಯಾದರೋ ಗುಂಡಿಯ ಅಂಚಿಗೆ ಬಡಿದು ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಅವಳ ತೂಕಕ್ಕೆ, 28ರ ಟೈರಿಗೆ, ಹಿಂದೆ 70 ಪೌಂಡು ಮುಂದೆ 60 ಪೌಂಡಿನಿಂದ ಆರಂಭಿಸಿ, ರಸ್ತೆಯನ್ನು ಕೇಳಿಕೊಂಡು ಎರಡೋ ಮೂರೋ ಪೌಂಡು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕೆಂದು ತೀರ್ಮಾನವಾಯಿತು.

ಇನ್ನು ಮೇಲ್ಮೈಯ ಗೆರೆಗಳ ವಿಚಾರ. ಮಳೆಯಲ್ಲಿ ಜಾರದಿರಲು ಆಳವಾದ ಗೆರೆಗಳಿರಬೇಕೆಂದು ನಾನೂ ಹೇಳಿದೆ. ಕಾರಿಗೆ ಅದು ನಿಜ. ಅಗಲವಾದ ಚಪ್ಪಟೆ ಟೈರು ನೀರಿನ ಪದರದ ಮೇಲೆ ತೇಲುವ ಭಯ ಕಾರಿಗುಂಟು. ಸೈಕಲ್ಲಿನ ಟೈರು ಕಿರಿದು, ದುಂಡು, ಒತ್ತಡವೂ ಹೆಚ್ಚು. ಅದು ನೀರನ್ನು ಸೀಳಿಕೊಂಡು ಹೋಗುತ್ತದೆ. ತೇಲಬೇಕಾದರೆ ಗಂಟೆಗೆ ನೂರು ಕಿಲೋಮೀಟರನ್ನೂ ಮೀರಿದ ವೇಗ ಬೇಕು. ಆದುದರಿಂದ ಡಾಂಬರು ರಸ್ತೆಗೆ ನುಣುಪಾದ ಟೈರೇ ಸಾಕು. ಒದ್ದೆ ನೆಲದಲ್ಲಿ ಕಾಪಾಡುವುದು ಗೆರೆಯಲ್ಲ, ರಬ್ಬರಿನ ಪಾಕ. ಮೆದು ಪಾಕ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ; ಗಡಸು ಪಾಕ ಬಹುಕಾಲ ಬಾಳುತ್ತದೆ, ಮಳೆಯಲ್ಲಿ ಕೈಬಿಡುತ್ತದೆ.

ರಬ್ಬರಿನ ಕೆಳಗೆ ನೂಲಿನ ಹಾಸಿದೆ. ಅಂಗುಲಕ್ಕೆ ಎಷ್ಟು ಎಳೆಯೆಂಬುದನ್ನು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ. ಸೀರೆಯ ನೇಯ್ಗೆಯಂತೆಯೇ ಇದೂ. ಎಳೆ ಸಣ್ಣದಾಗಿ ಸಂಖ್ಯೆ ಹೆಚ್ಚಿದಷ್ಟೂ ಟೈರು ಮೃದುವಾಗಿ ಬಾಗುತ್ತದೆ, ಹಗುರವಾಗುತ್ತದೆ, ಬೇಗ ಹರಿಯಲೂಬಹುದು. ಆದರೆ 330 ಎಂದು ಬರೆದದ್ದನ್ನು ಕಂಡು ಬೆರಗಾಗಬೇಕಾಗಿಲ್ಲ. 110ರ ಮೂರು ಪದರಗಳನ್ನು ಕೂಡಿಸಿ ಹಾಗೆ ಹೇಳುವುದುಂಟು. ಇನ್ನು ಅಂಚು. ಉಕ್ಕಿನ ತಂತಿಯ ಅಂಚಾದರೆ ಬೆಲೆ ಕಡಿಮೆ, ತೂಕ ಹೆಚ್ಚು; ಕೆವ್ಲಾರಿನಂಥ ನಾರಿನ ಅಂಚಾದರೆ ಟೈರನ್ನು ಮಡಿಸಿ ಚೀಲದಲ್ಲಿಡಬಹುದು.

ಕಡೆಯದು ಮುಳ್ಳು. ನಮ್ಮ ಕಡೆ ಜಾಲಿ, ಬಳ್ಳಾರಿ ಜಾಲಿ. ಒಣನೆಲದ ದಾರಿಬದಿಯಲ್ಲಿ ನೆಗ್ಗಿಲು. ಆಯುರ್ವೇದದವರು ಗೋಕ್ಷುರವೆಂದು ಗೌರವಿಸುವ ಈ ಗಿಡಕ್ಕೆ ಅಮೆರಿಕದಲ್ಲಿರುವ ರೂಢಿಯ ಹೆಸರು ‘ಪಂಕ್ಚರ್ ಬಳ್ಳಿ’ ಎಂಬರ್ಥದ್ದು. ಅಲ್ಲಿನ ಸೈಕಲ್ಲಿನವರು ವೈದ್ಯರ ಕಣ್ಣಿನಿಂದ ಅದನ್ನು ನೋಡಲಿಲ್ಲವೆಂದು ಕಾಣುತ್ತದೆ. ಇಂಥವನ್ನು ತಡೆಯಲು ಕೆಲವು ಟೈರುಗಳಲ್ಲಿ ರಬ್ಬರಿಗೂ ನೂಲಿಗೂ ನಡುವೆ ಗಟ್ಟಿ ಪಟ್ಟಿಯೊಂದನ್ನು ಸೇರಿಸುತ್ತಾರೆ. ಅದರಿಂದ ತೂಕ ಹೆಚ್ಚುತ್ತದೆ, ಓಟ ಸ್ವಲ್ಪ ಮಂದವಾಗುತ್ತದೆ. ಟ್ಯೂಬೇ ಇಲ್ಲದೆ ಒಳಗೆ ದ್ರವ ಹಾಕುವ ಟೈರೂ ಬಂದಿದೆ. ಸಣ್ಣ ತೂತನ್ನು ಅದು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಅದಕ್ಕೆ ತಕ್ಕ ರಿಮ್ಮು ಬೇಕು. ಹುಡುಗಿಯ ಸೈಕಲ್ಲಿನದು ಅಂಥದ್ದಲ್ಲ.

ವೇಗ, ಹಿಡಿತ, ಬಾಳಿಕೆ, ಮುಳ್ಳಿನಿಂದ ರಕ್ಷಣೆ, ಅಗ್ಗದ ಬೆಲೆ—ಇವೆಲ್ಲವನ್ನೂ ಒಟ್ಟಿಗೆ ಕೊಡುವ ಟೈರು ಇಲ್ಲ. ಅವಳ ಮನಸ್ಸಿನಲ್ಲಿದ್ದ ಸ್ಪರ್ಧೆಯ ಟೈರು ಒಂದಕ್ಕೇ ಐದು ಸಾವಿರವೂ ಮುಗಿಯುತ್ತಿತ್ತು. ಆಗ ಯಜಮಾನರು ಒಂದು ಉಪಾಯ ಹೇಳಿದರು. ಎರಡು ಚಕ್ರಕ್ಕೂ ಒಂದೇ ಟೈರು ಹಾಕಬೇಕೆಂಬ ನಿಯಮವೇನೂ ಇಲ್ಲ. ಹಿಂದಿನ ಚಕ್ರ ಜಾರಿದರೆ ಸವಾರನು ಸಾವರಿಸಿಕೊಳ್ಳಬಹುದು; ಮುಂದಿನದು ಜಾರಿದರೆ ಬೀಳುವುದೇ. ಆದ್ದರಿಂದ ಒಳ್ಳೆಯ ಹಿಡಿತದ ಮೆದು ಟೈರು ಮುಂದೆ ಇರಲಿ. ಭಾರ ಹೆಚ್ಚು ಬೀಳುವುದು, ಬೇಗ ಸವೆಯುವುದು, ಹೆಚ್ಚಾಗಿ ಪಂಕ್ಚರ್ ಆಗುವುದು ಹಿಂದಿನದು. ಅಲ್ಲಿಗೆ ಪಟ್ಟಿಯಿರುವ ಗಟ್ಟಿ ಟೈರು. ಹಿಂದಿನದು ಸವೆದಾಗ, ಹೊಸದನ್ನು ತಂದು ಹಿಂದೆ ಹಾಕದೆ ಮುಂದೆ ಹಾಕಬೇಕು. ಮುಂದಿದ್ದದ್ದನ್ನು ಹಿಂದಕ್ಕೆ ಸರಿಸಬೇಕು. ಎರಡೂ ಸೇರಿ ಐದು ಸಾವಿರದೊಳಗೆ ಬಂದುವು. ಉಳಿದದ್ದರಲ್ಲಿ ಒಂದು ಟ್ಯೂಬು, ಟೈರು ಬಿಚ್ಚುವ ಜೋಡಿ ಲಿವರು.

ಕೊಳ್ಳುವವರು ಅಂಗಡಿಯಲ್ಲೇ ನೋಡಿಕೊಳ್ಳಬೇಕಾದದ್ದು ಇನ್ನೂ ಕೆಲವುಂಟು. ಬಹುಕಾಲ ಬಿಸಿಲು ಬೀಳುವ ಕಡೆ ತೂಗುಹಾಕಿದ್ದ ಟೈರು ಹೊಸದಾದರೂ ಹಳೆಯದೇ. ಪಕ್ಕವನ್ನು ಬೆರಳಿನಿಂದ ಬಾಗಿಸಿ ಬಿರುಕುಂಟೇ ನೋಡಬೇಕು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದರಂತೆ ಹಾಕಬೇಕು. ಪಂಕ್ಚರ್ ಆದಾಗ ಟ್ಯೂಬನ್ನು ಬದಲಿಸುವ ಮೊದಲು ಟೈರಿನ ಒಳಗನ್ನು ಬಟ್ಟೆಯಿಂದ ಒರೆಸಿ ಮುಳ್ಳನ್ನು ಹುಡುಕಿ ತೆಗೆಯಬೇಕು. ಇಲ್ಲವಾದರೆ ಅದೇ ಮುಳ್ಳು ಹೊಸ ಟ್ಯೂಬಿಗೂ ಕಾದಿರುತ್ತದೆ. ವಾರಕ್ಕೊಮ್ಮೆಯಾದರೂ ಗಾಳಿಯನ್ನು ಅಳೆಯಬೇಕು, ಏಕೆಂದರೆ ತೂತಿಲ್ಲದ ಟ್ಯೂಬಿನಿಂದಲೂ ಗಾಳಿ ಮೆಲ್ಲಮೆಲ್ಲಗೆ ಸೋರುತ್ತಲೇ ಇರುತ್ತದೆ.

ಅಂಗಡಿಯ ಗೋಡೆಯ ತುಂಬ ತೂಗುಬಿದ್ದಿರುವ ಟೈರುಗಳಲ್ಲಿ ಯಾವುದು ಉತ್ತಮವೆಂದು ಕೇಳುವುದು, ಗ್ರಂಥಾಲಯದಲ್ಲಿ ನಿಂತು ಯಾವ ಪುಸ್ತಕ ಉತ್ತಮವೆಂದು ಕೇಳಿದಂತೆ. ಯಾರಿಗೆ, ಯಾವ ದಾರಿಗೆ ಎಂಬುದು ಮೊದಲು ಗೊತ್ತಾಗಬೇಕು. ಬೆಲ್‌ಫಾಸ್ಟಿನ ಆ ಪಶುವೈದ್ಯ ಶ್ರೇಷ್ಠವಾದ ಟೈರೊಂದನ್ನು ಜಗತ್ತಿಗೆ ಕೊಡಬೇಕೆಂದು ಹೊರಟವನಲ್ಲ. ಆ ಕಲ್ಲುಬೀದಿಯ ಮೇಲೆ ಆ ಮಗು ನೋವಿಲ್ಲದೆ ಹೋಗಿ ಬರಬೇಕೆಂಬುದಷ್ಟೇ ಅವನ ಚಿಂತೆ. ಟೈರನ್ನು ಕೊಳ್ಳ ಹೊರಡುವವರು ಕಂಪನಿಗಳ ಪತ್ರಿಕೆಗಳನ್ನು ಓದುವ ಮೊದಲು ಇಷ್ಟನ್ನು ಯೋಚಿಸಿದರೆ, ಹಣವೂ ಉಳಿಯುತ್ತದೆ, ಮನೆಯಲ್ಲಿ ಗಡಿಯಾರ ನೋಡುತ್ತಾ ಕಾಯುವವರ ಮನಸ್ಸಿಗೂ ಸ್ವಲ್ಪ ಸಮಾಧಾನವಾಗುತ್ತದೆ.