ಎಪ್ಪತ್ತು ಕಿಲೋ ಚೀಲ, ನಾಲ್ಕೂವರೆ ಕಿಲೋ ಲೆಕ್ಕ!

ಕಳೆದ ಮಳೆಗಾಲದಲ್ಲಿ ವರ್ಕ್ ಫ್ರಂ ಹೋಂ ಅಂತ ಸುಳ್ಯದ ಮನೆಯಲ್ಲಿದ್ದೆ. ಅಡಿಕೆ ವ್ಯಾಪಾರದ ಪರಿಚಯದವರೊಬ್ಬರಿಗೆ ತೂಕದ ಲೆಕ್ಕ ಇಡಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದು ಬೆಳಿಗ್ಗೆ ಅವರ ಫೋನು. "ಎಂತ ಮಾರಾಯ ಇದು? ಎಪ್ಪತ್ತು ಕಿಲೋ ಚೀಲಕ್ಕೆ ನಾಲ್ಕೂವರೆ ಕಿಲೋ ತೋರಿಸ್ತಾ ಉಂಟಲ್ಲ!"

ನನಗೆ ಬೆವರಿಳಿಯಿತು. ಬೆಳೆಗಾರರ ದುಡ್ಡಿನ ವಿಷಯ. ಐವತ್ತು ಕಿಲೋ ಚೀಲಕ್ಕೆಲ್ಲ ಲೆಕ್ಕ ಸರಿಯಾಗಿಯೇ ಇತ್ತು.

ಮಳೆಗೆ ನೆಟ್‌ವರ್ಕ್ ಬೇರೆ ಇಲ್ಲ. ಆದರೆ ಜಿಡಿಬಿ ಎಂಬ ಡಿಬಗ್ಗರ್‌ಗೆ ಇಂಟರ್ನೆಟ್ಟೂ ಬೇಡ, ಮೌಸೂ ಬೇಡ. ಕಪ್ಪು ಪರದೆಯಲ್ಲಿ ಟೈಪ್ ಮಾಡಿದರೆ ಸಾಕು. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಶುರುವಾದ 1986ರಲ್ಲೇ ರಿಚರ್ಡ್ ಸ್ಟಾಲ್‌ಮನ್ ಇದನ್ನು ಬರೆದದ್ದು.

ಪ್ರೋಗ್ರಾಮನ್ನು 'ಮೈನಸ್ ಜಿ' ಹಾಕಿ ಮತ್ತೆ ಕಂಪೈಲ್ ಮಾಡಿದೆ. ಅದಿಲ್ಲದಿದ್ದರೆ ಹೆಸರು, ಟೈಪುಗಳ ವಿವರ ಡಿಬಗ್ಗರ್‌ಗೆ ಸಿಗುವುದಿಲ್ಲ. ತೂಕ ಬರೆಯುವ ಸಾಲಿನಲ್ಲಿ ನಿಲ್ಲಿಸಿ 'ಪ್ರಿಂಟ್' ಕೊಟ್ಟೆ. ತಕ್ಕಡಿಯಿಂದ ಬಂದದ್ದು 70,000 ಗ್ರಾಂ, ಒಳಗೆ ಕೂತದ್ದು 4,464! 'ವಾಟ್‌ಈಸ್' ಕೇಳಿದರೆ 'ಸ್ಟ್ರಕ್ಟ್ ಚೀಲ' ಎಂದು ಹೆಸರು ಮಾತ್ರ ಹೇಳಿತು. 'ಪಿಟೈಪ್' ಕೊಟ್ಟಾಗ ಚೀಲದ ಬಾಯಿ ಬಿಚ್ಚಿತು: ದರ್ಜೆ, ತೂಕ, ದರ, ಪ್ರತಿಯೊಂದರ ಟೈಪಿನ ಸಮೇತ. ತೂಕದ ಎದುರು 'ಅನ್‌ಸೈನ್ಡ್ ಶಾರ್ಟ್' ಅಂತ ಇತ್ತು.

ಅಲ್ಲೇ ಇದ್ದದ್ದು ನನ್ನ ತಪ್ಪು. ಅದು ಎರಡು ಬೈಟಿನ ಜಾಗ; ಹಿಡಿಯುವುದು 65,535ರ ತನಕ. ಅಂದರೆ ಅರುವತ್ತೈದೂವರೆ ಕಿಲೋ. ಅದಕ್ಕಿಂತ ಹೆಚ್ಚಾದರೆ ಎಣಿಕೆ ಸೊನ್ನೆಯಿಂದ ಪುನಃ ಶುರು. 70,000ದಲ್ಲಿ 65,536 ಕಳೆದರೆ ಉಳಿಯುವುದು 4,464.

ನಾಲ್ಕು ಬೈಟಿನ 'ಅನ್‌ಸೈನ್ಡ್ ಇಂಟ್' ಮಾಡಿದೆ. ಈಗ 429 ಕೋಟಿ ಗ್ರಾಂ ತನಕ ತೊಂದರೆಯಿಲ್ಲ. 'ಪಿಟೈಪ್ ಸ್ಲ್ಯಾಶ್ ಓ' ಹಾಕಿ ನೋಡಿದರೆ ಯಾವುದು ಎಷ್ಟನೇ ಬೈಟಿನಲ್ಲಿದೆ ಎಂಬುದೂ ಕಾಣುತ್ತದೆ. ಒಂದು ಬೈಟಿನ ದರ್ಜೆಯ ಹಿಂದೆ ಮೂರು ಬೈಟು ಖಾಲಿ ಬಿಟ್ಟದ್ದು ಕೂಡ!

ಚಾವಡಿಯಲ್ಲಿ ಅಪ್ಪ ಅಡಿಕೆ ಆರಿಸ್ತಾ ಇದ್ದರು. ಚೋಲು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಎಲ್ಲ ಬೇರೆ ಬೇರೆ ರಾಶಿ. ವಿಷಯ ಹೇಳಿದೆ. "ಗೋಣಿ ಎಷ್ಟು ಹಿಡೀತದೆ ಅಂತ ಮೊದಲೇ ನೋಡ್ಬೇಕಲ್ವಾ?" ಅಂದರು, ತಲೆ ಎತ್ತದೆ.

ಸಂಜೆ ಅಂಗಡಿಗೆ ಹೋಗಿ ಹಳೆಯ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿದೆವು. ಪುಣ್ಯಕ್ಕೆ ತಪ್ಪಿದ್ದು ಆ ಒಂದೇ ಚೀಲ. ಇಂಜಿನಿಯರಿಂಗ್ ಓದುತ್ತಿರುವ ತಮ್ಮ ತಂಗಿಯರೇ, ಲೆಕ್ಕ ತಪ್ಪಿದರೆ ಸೂತ್ರವನ್ನು ಬೈಯುವ ಮೊದಲು ಒಮ್ಮೆ ಟೈಪ್ ನೋಡಿ.