ಯೂರಿಯಾ ಸೋರುವುದು ನೀರಿನ ದಾರಿಯಲ್ಲೇ

45 ಕಿಲೋ ತೂಕದ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಸುಮಾರು 21 ಕಿಲೋ. ನೀರು ನಿಂತ ಭತ್ತದ ಗದ್ದೆಗೆ ಅದನ್ನು ಎರಚಿದರೆ ಪೈರಿಗೆ ದಕ್ಕುವುದು ಹೆಚ್ಚೂಕಡಿಮೆ ಮೂರರಲ್ಲೊಂದು ಪಾಲು. ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ, ದೊಡ್ಡ ಪಾಲು ಗಾಳಿಗೋ ಬಸಿನೀರಿಗೋ ಸೇರುತ್ತದೆ. ಬೆಳೆ ಹಳದಿಯಾಯಿತೆಂದು ರೈತ ಇನ್ನೊಂದು ಚೀಲ ತರುತ್ತಾನೆ. ಆದರೆ ಈ ನಷ್ಟದ ಕೀಲಿ ಇರುವುದು ಬಹುಮಟ್ಟಿಗೆ ನೀರಿನ ಕೈಯಲ್ಲಿ.

ನಿಂತ ನೀರಿನಲ್ಲಿ ಕರಗಿದ ಯೂರಿಯಾವನ್ನು ಮಣ್ಣಿನ ಯೂರಿಯೇಸ್ ಕಿಣ್ವ ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ ಒಡೆಯುತ್ತದೆ. ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರು ಕ್ಷಾರವಾಗುತ್ತದೆ. ಆಗ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಬಿಸಿಲೂ ಗಾಳಿಯೂ ಜೋರಾಗಿದ್ದರೆ ನಷ್ಟವೂ ಜೋರು. ಉಳಿದದ್ದಕ್ಕೆ ಇನ್ನೊಂದು ಗಂಡಾಂತರವಿದೆ. ಕೆಸರಿನ ಮೇಲ್ಪದರದ ಕೆಲವು ಮಿಲಿಮೀಟರಿನಲ್ಲಿ ಮಾತ್ರ ಆಮ್ಲಜನಕ ಇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಕೆಳಗಿಳಿದರೆ, ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನೇ ಉಸಿರಾಟಕ್ಕೆ ಬಳಸಿ ಸಾರಜನಕ ಅನಿಲವಾಗಿ ಹೊರಬಿಡುತ್ತವೆ. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿರುವುದಕ್ಕೆ ಒಂದು ಕಾರಣ ಇದೇ: ಬೇವು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಿಸುತ್ತದೆ.

ಇಷ್ಟು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಮೇಲುಗೊಬ್ಬರ ಕೊಡುವ ಮೊದಲು ಗದ್ದೆಯ ನೀರು ಇಳಿಯಲಿ. ತೇವದ ಮಣ್ಣಿಗೆ ಯೂರಿಯಾ ಎರಚಿ, ಆಮೇಲೆ ನೀರು ಹಾಯಿಸಬೇಕು. ಇಳಿಯುವ ನೀರು ಯೂರಿಯಾವನ್ನು ಬೇರಿನ ಬಳಿಗೆ ಒಯ್ಯುತ್ತದೆ. ಅಲ್ಲಿ ಹುಟ್ಟುವ ಅಮೋನಿಯಂ ಜೇಡಿಮಣ್ಣಿನ ಕಣಗಳಿಗೆ ಅಂಟಿ ನಿಲ್ಲುತ್ತದೆ.

ನೀರು ಇಳಿಯಲು ಬಿಡುವುದನ್ನೇ ಒಂದು ಪದ್ಧತಿಯಾಗಿ ರೂಪಿಸಿದ್ದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ. ಸುಮಾರು 30 ಸೆಂ.ಮೀ. ಉದ್ದದ, ಕೆಳಭಾಗದಲ್ಲಿ ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹುಗಿದು ಒಳಗಿನ ಮಣ್ಣು ತೆಗೆಯುತ್ತಾರೆ. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಮತ್ತೆ ಸುಮಾರು 5 ಸೆಂ.ಮೀ. ನೀರು ಕಟ್ಟುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಬೇರಿಗೆ ತೇವ ಸಿಗುತ್ತಿರುತ್ತದೆ. ಹೂ ಬಿಡುವ ಹಿಂದುಮುಂದಿನ ಒಂದು ವಾರ ಮಾತ್ರ ನೀರು ತಪ್ಪಬಾರದು. ಇದರಿಂದ ಶೇ. 30ರವರೆಗೆ ನೀರು ಉಳಿಯಬಲ್ಲದು. ಕೆಸರಿಗೆ ಆಗಾಗ ಗಾಳಿ ಸಿಗುವುದರಿಂದ ಮೀಥೇನ್ ಅನಿಲವೂ ಗಣನೀಯವಾಗಿ ಇಳಿಯುತ್ತದೆ. ಆದರೆ ಒಣಗಿ ನೆನೆಯುವ ಮಣ್ಣಿನಲ್ಲಿ ಇನ್ನೊಂದು ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು. ಹಾಗಾಗಿ ಗೊಬ್ಬರ ಬೇಕಾದಷ್ಟೇ ಇರಬೇಕು, ನೀರು ಹಾಯಿಸುವ ದಿನವೇ ಬೀಳಬೇಕು.

ಎಷ್ಟು ಬೇಕೆಂದು ಹೇಳಲು ಹಸಿರಿನ ಬೇರೆಬೇರೆ ಛಾಯೆಗಳಿರುವ ಎಲೆಬಣ್ಣದ ಪಟ್ಟಿ ಇದೆ. ಪೂರ್ತಿ ಬಿಚ್ಚಿದ ಎಳೆಯ ಎಲೆಯನ್ನು ನೆರಳಿನಲ್ಲಿ ಅದಕ್ಕೆ ಹೋಲಿಸಿ, ಬಣ್ಣ ತಳಿಗೆ ಹೇಳಿದ ಛಾಯೆಗಿಂತ ಪೇಲವವಾಗಿದ್ದರೆ ಮಾತ್ರ ಯೂರಿಯಾ. ಅತಿಯಾದ ಸಾರಜನಕ ಬೆಂಕಿರೋಗವನ್ನೂ ಕರೆಯುತ್ತದೆ.

ಇಷ್ಟೆಲ್ಲ ಸರಳವಾಗಿದ್ದರೆ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಲ್ಲಿ ಇದೇಕೆ ರೂಢಿಯಾಗಿಲ್ಲ? ಮುಂದಿನ ಸರದಿಯ ನೀರು ಯಾವ ದಿನ ಬರುತ್ತದೋ ಖಾತ್ರಿಯಿಲ್ಲದ ರೈತ ಇಂದು ಬಂದ ನೀರನ್ನು ಬಿಡಲಾರ. ತಲೆಭಾಗದ ಗದ್ದೆಗಳು ತುಂಬಿ ನಿಲ್ಲುತ್ತವೆ, ಕೆಲವು ಸವಳಾಗುತ್ತವೆ. ಮಾನ್ವಿ, ರಾಯಚೂರಿನ ಕೊನೆಭಾಗದವರು ನೀರಿಗೆ ಕಾಯುತ್ತಾರೆ. ನೀರಿನ ಕರ ಬೀಳುವುದು ಎಕರೆ ಲೆಕ್ಕದಲ್ಲಿ, ಬಳಸಿದ ಅಳತೆಗಲ್ಲ. ಯೂರಿಯಾ ಚೀಲಕ್ಕೆ ಸಹಾಯಧನದ ದೆಸೆಯಿಂದ 270 ರೂಪಾಯಿಯೊಳಗಿನ ಬೆಲೆ. ಉಳಿಸಿದವನ ಕಿಸೆಗೆ ಬರುವುದು ಅಷ್ಟಕ್ಕಷ್ಟೇ.

ನೀರು ಇಳಿಸಿ ಯೂರಿಯಾ ಹಾಕುವುದನ್ನು ಸ್ವಂತ ಬೋರ್‌ವೆಲ್ ಇರುವವರು ಈ ಹಂಗಾಮಿನಲ್ಲೇ ಶುರು ಮಾಡಬಹುದು. ಕಾಲುವೆಯ ರೈತನಿಗೆ ಮಾತ್ರ ಪೈಪಿಗಿಂತ ಮೊದಲು, ತಪ್ಪದೆ ನಡೆಯುವ ಸರದಿಯ ದಿನಾಂಕ ಬೇಕು. ಅದನ್ನು ಕೊಡಬೇಕಾದದ್ದು ನೀರಾವರಿ ಇಲಾಖೆ.